ಕಿವಿ ಆಡಿಸಿದವರೆಲ್ಲ ನಮ್ಮವರು

ಈ ಪಡಿಪಾಟಲಿಗೆಲ್ಲ ಕಾರಣ ಛತ್ರಿಯಪ್ಪನ ಬಲಗಣ್ಣು. ಕೆಲವು ದಿನಗಳಿಂದ ಅದು ತನಗೆ ತೋಚಿದಾಗಲೆಲ್ಲ ಪಟಕ್ಕನೆ ಮುಚ್ಚಿ ತೆರೆದುಕೊಳ್ಳುತ್ತಿತ್ತು. ಎಡಗಣ್ಣೂ ಜತೆಗೆ ಮುಚ್ಚಿಕೊಂಡಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದೇ ಕಣ್ಣು ಮುಚ್ಚಿಕೊಂಡರೆ ಲೋಕ ಅದಕ್ಕೆ ಬೇರೆಯೇ ಅರ್ಥ ಕಟ್ಟುತ್ತದೆ.

ಛತ್ರಿಯಪ್ಪ ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕೋಣೆ ನೋಡಿಕೊಳ್ಳುತ್ತಿದ್ದವನು. ಜನ ಬಸ್ಸಿನಲ್ಲಿ ಮರೆತು ಇಳಿಯುವುದು ಹೆಚ್ಚಾಗಿ ಛತ್ರಿಗಳನ್ನೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತೇ ಹೊರತು, ಆ ಮಾತಿಗಿರುವ ಇನ್ನೊಂದು ಅರ್ಥಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಹಸುವಿನಂಥ ಮನುಷ್ಯ. ಕೆಲಸದಲ್ಲಿ ಮಾತ್ರ ಬಿಗಿ. ಛತ್ರಿ ಕೇಳಿಕೊಂಡು ಬಂದವರು ಹಿಡಿಯ ಬಣ್ಣ, ಬಟ್ಟೆಯ ತೇಪೆ, ಯಾವ ಕಡ್ಡಿ ಮುರಿದಿದೆ ಎಂಬುದನ್ನೆಲ್ಲ ತಪ್ಪಿಲ್ಲದೆ ಹೇಳಿದ ಮೇಲೇ ಅದು ಅವರ ಕೈ ಸೇರುತ್ತಿತ್ತು. ಹಿಂದಿನ ದಿನ ಒಬ್ಬ ಹೆಂಗಸು ತನ್ನ ಛತ್ರಿಯ ಚಹರೆ ವರ್ಣಿಸುತ್ತಿದ್ದಾಗ ಬಲಗಣ್ಣು ತನ್ನ ಕೆಲಸ ಮಾಡಿಬಿಟ್ಟಿತು. ಆಕೆ ಛತ್ರಿಯನ್ನು ಕೈಗೆ ತೆಗೆದುಕೊಂಡವಳೇ ಅದರಿಂದಲೇ ಅವನ ತಲೆಗೆ ಒಂದು ಬಿಟ್ಟಳು.

ಹಾಗಾಗಿ ಛತ್ರಿಯಪ್ಪ ರಜೆ ಹಾಕಿ ಬೆಳಗ್ಗೆಯೇ ಡಾಕ್ಟರ ಮುಂದೆ ಕುಳಿತಿದ್ದ. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟರು, ರೆಪ್ಪೆ ಮಗುಚಿ ನೋಡಿದರು, ಕೊನೆಗೆ ಕುರ್ಚಿಗೆ ಒರಗಿಕೊಂಡರು.

"ನಿಮ್ಮ ತಂದೆಗೆ ಹೀಗೆ ಇತ್ತಾ?"

"ನಾನು ಚಿಕ್ಕವನಿದ್ದಾಗಲೇ ಹೋಗ್ಬಿಟ್ರು ಸರ್. ತಾಯಿನೂ ಇಲ್ಲ."

"ತಾತನಿಗೆ?"

"ಗೊತ್ತಿಲ್ಲ ಸರ್."

"ತಾತ ಏನ್ ಕೆಲಸ ಮಾಡ್ತಿದ್ರು? ಏನಾಗಿ ತೀರ್ಕೊಂಡ್ರು?"

"ಅದೂ ಗೊತ್ತಿಲ್ಲ."

"ಹೆಸರು?"

ಛತ್ರಿಯಪ್ಪ ಚಾವಣಿ ನೋಡಿದ. ಅಲ್ಲಿ ಒಂದು ಫ್ಯಾನು ಬಿಟ್ಟರೆ ಬೇರೇನೂ ಇರಲಿಲ್ಲ.

"ಏನ್ರೀ, ನೀವೇನು ಆಕಾಶದಿಂದ ಉದುರಿದ್ರಾ?" ಎಂದರು ಡಾಕ್ಟರು. "ಇಂಥದ್ದು ವಂಶದಲ್ಲೇ ಹರ್ಕೊಂಡು ಬಂದಿರುತ್ತೆ. ಮನೇಲಿ ಯಾರು ಹಿರಿಯರಿದ್ದಾರೋ ಅವರನ್ನ ಕೂರಿಸ್ಕೊಂಡು ಕೇಳಿ. ಅಲ್ಲಿಂದ ಶುರು ಮಾಡಿ. ಹಿಂದಿನೋರ ವಿಚಾರ ಎಲ್ಲ ತಿಳ್ಕೊಂಡು ಬನ್ನಿ, ಆಮೇಲೆ ಔಷಧಿ."

"ಆಗ್ಲಿ ಸರ್" ಎಂದು ಛತ್ರಿಯಪ್ಪ ಎದ್ದ. ಬಲಗಣ್ಣು ಮುಚ್ಚಿ ತೆರೆಯಿತು. ಬಾಗಿಲಲ್ಲಿದ್ದ ನರ್ಸಮ್ಮ ಮುಖ ಸಿಂಡರಿಸಿಕೊಂಡು ಒಳಗೆ ಹೋದಳು.

ಮನೆಯಲ್ಲಿ ಹಿರಿಯರೆಂದರೆ ದೊಡ್ಡತ್ತೆ. ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಕುರ್ಚಿಯ ಮೇಲೆ ದಿಂಬು, ದಿಂಬಿನ ಮೇಲೆ ದೊಡ್ಡತ್ತೆ. ಛತ್ರಿಯಪ್ಪನಿಗೆ ಬುದ್ಧಿ ತಿಳಿದಾಗಿನಿಂದ ಈ ಮೂರೂ ಒಂದರ ಮೇಲೊಂದು ಹೀಗೇ ಇದ್ದವು. ಅವನನ್ನು ಎತ್ತಿ ಆಡಿಸಿದವಳು ಅವಳೇ. ಅಪ್ಪ ಅಮ್ಮ ಹೋದ ಮೇಲೆ ಸಾಕಿ ಸಲಹಿ ಮದುವೆ ಮಾಡಿದವಳೂ ಅವಳೇ. ತಾತನ ತಂಗಿ ಎಂದು ಅವನು ತಿಳಿದುಕೊಂಡಿದ್ದ.

ಅವನು ಹೋಗಿ ಅವಳ ಕಾಲ ಬಳಿ ಕುಳಿತ. ದೊಡ್ಡತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ದೊಡ್ಡತ್ತೆ, ನಮ್ಮ ವಂಶದಲ್ಲಿ ಯಾರಾದ್ರೂ ಕಣ್ಣು ಹೊಡೀತಿದ್ರಾ?"

"ನಮ್ಮಣ್ಣ ಒಬ್ಬ ಹೊಡೀತಿದ್ದ ಕಣೋ. ಎದುರುಮನೆ ಹುಡುಗಿಗೆ. ಅವಳನ್ನೇ ಮದುವೆ ಆದ್ಮೇಲೆ ತಾನಾಗೇ ವಾಸಿ ಆಯ್ತು."

ಅಡುಗೆಮನೆಯಲ್ಲಿ ಹೆಂಡತಿ ಕಿಸಕ್ಕನೆ ನಕ್ಕಳು. "ರೀ, ನಿಮ್ಮದೂ ಅದೇ ಖಾಯಿಲೆ ಇದ್ರೆ ಯಾರು ಅಂತ ಈಗ್ಲೇ ಹೇಳ್ಬಿಡಿ."

"ನೀನು ಸುಮ್ನಿರೇ. ದೊಡ್ಡತ್ತೆ, ಮೊದಲಿಂದ ಹೇಳಿ. ನಿಮ್ಮಪ್ಪ ಏನಾಗಿದ್ರು?"

ದೊಡ್ಡತ್ತೆಯ ಕೈಯ ಹುರುಳಿಕಾಯಿ ತಟ್ಟೆಗೆ ಬಿತ್ತು. ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳಲ್ಲಿ ಯಾರೂ ಕೇಳಿರಲಿಲ್ಲ. ಬೇಸಿಗೆಯಿಡೀ ಗೊರಗೊರ ಸದ್ದು ಮಾಡುತ್ತಿದ್ದ ನಲ್ಲಿಗೆ ದಿಢೀರನೆ ನೀರು ಬಂದಂತೆ ಅವಳು ಶುರು ಮಾಡಿದಳು. ಅವಳಪ್ಪ ಗಡಿಯಾರದ ಗೋಪುರಕ್ಕೆ ಕೀ ಕೊಡುತ್ತಿದ್ದವನು. ಒಂದು ದಿನ ಅವನು ನಿದ್ದೆಹೋಗಿ ಊರಿಗೆ ಊರೇ ತಡವಾಗಿ ಎದ್ದಿತ್ತು. ದೊಡ್ಡಣ್ಣ ಶಾಯಿ ಮಾರುತ್ತಿದ್ದ. ಅವನ ಹೆಂಡತಿ ಮಕ್ಕಳ ಬಟ್ಟೆಯೆಲ್ಲ ನೀಲಿ. ಅಕ್ಕ ಕೆಮ್ಮಿದರೆ ಹಾಡಿದಂತಿರುತ್ತಿತ್ತು, ಹಾಡಿದರೆ ಕೆಮ್ಮಿದಂತಿರುತ್ತಿತ್ತು. ತಂಗಿಗೆ ಕಪ್ಪೆಯ ಭಯ, ಅವಳು ಮದುವೆಯಾದದ್ದು ಕೊಳದ ಕಾವಲುಗಾರನನ್ನು.

"ಆದ್ರೆ ನಮ್ಮ ವಂಶದ ಗುರುತು ಕಣ್ಣಲ್ಲ ಕಣೋ, ಕಿವಿ" ಎಂದು ದೊಡ್ಡತ್ತೆ ತಲೆಗೂದಲು ಸರಿಸಿದಳು. "ನಮ್ಮೋರೆಲ್ಲ ಕಿವಿ ಆಡಿಸ್ತಾರೆ. ನೋಡು."

ಅವಳ ಎರಡೂ ಕಿವಿಗಳು ಮರಿಯಾನೆಯ ಕಿವಿಗಳಂತೆ ಹಿಂದಕ್ಕೂ ಮುಂದಕ್ಕೂ ಆಡಿದವು. ಛತ್ರಿಯಪ್ಪ ಬೆರಗಾಗಿ ತಾನೂ ಪ್ರಯತ್ನಿಸಿದ. ಹಲ್ಲು ಕಚ್ಚಿದ, ಉಸಿರು ಕಟ್ಟಿದ. ಮುಖ ಟೊಮೇಟೊ ಆಯಿತು. ಕಿವಿಗಳು ಗೋಡೆಗೆ ಮೊಳೆ ಹೊಡೆದಂತೆ ಇದ್ದಲ್ಲೇ ಇದ್ದವು. ಕಣ್ಣು ಮಾತ್ರ ಹೊಡೆದುಕೊಂಡಿತು.

"ನಿಂದು ಕಿವಿಯಿಂದ ಕಣ್ಣಿಗೆ ಇಳಿದಿರ್ಬೇಕು ಬಿಡು" ಎಂದಳು ದೊಡ್ಡತ್ತೆ.

"ಇವರಲ್ಲಿ ನಮ್ಮ ತಾತ ಯಾರು?"

"ಅದೇ... ಮಧ್ಯದವನು. ಹೋಗು, ಒಂದು ಲೋಟ ನೀರು ತಗೊಂಡ್ಬಾ."

ನೀರು ತರುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಹಾಲಿನ ನಟ್ಟನಡುವೆ ನಿಂತಿದ್ದರು. ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಗೇಟಿಗೆ ಬಳಿದು ಉಳಿದ ಹಸಿರು ಬಣ್ಣದ ಡಬ್ಬ. ಕಿಟಕಿಯಿಂದ ಎಲ್ಲ ಕೇಳಿಸಿತಂತೆ.

"ವಂಶದ ವಿಚಾರ ಹೀಗೆ ಬಾಯಲ್ಲೇ ಬಿಟ್ರೆ ಗೋಜಲಾಗುತ್ತೆ. ವೃಕ್ಷ ಬರೀಬೇಕು, ವೃಕ್ಷ! ಗೋಡೆ ಖಾಲಿ ಇದೆಯಲ್ಲ?"

"ಮೇಷ್ಟ್ರೇ, ಮೊನ್ನೆ ತಾನೆ ಸುಣ್ಣ ಬಳಿಸಿದ್ದೀವಿ" ಎಂದು ಹೆಂಡತಿ ಓಡಿ ಬರುವುದರೊಳಗೆ ಕಾಂಡ ಚಾವಣಿಯ ತನಕ ಎದ್ದಾಗಿತ್ತು. ಆದರೆ ಮೇಷ್ಟ್ರಿಗೆ ಜೀವಮಾನದಲ್ಲಿ ಕೈಹತ್ತಿದ್ದ ಮರ ಒಂದೇ, ತೆಂಗಿನಮರ. ತೆಂಗಿನಮರಕ್ಕೆ ಕೊಂಬೆಯಿಲ್ಲ. ಕೊನೆಗೆ ದೊಡ್ಡತ್ತೆಯ ಅಣ್ಣ ತಮ್ಮ ಅಕ್ಕ ತಂಗಿಯರನ್ನೆಲ್ಲ ಕಾಯಿಗಳಾಗಿ ಗೊನೆಯಲ್ಲಿ ತೂಗುಹಾಕಿದರು. ತಾತನಿಗೆ ಹೆಸರಿಲ್ಲದ್ದರಿಂದ ಒಂದು ಖಾಲಿ ಕಾಯಿ. ಅದರ ಕೆಳಗೆ, ಉದುರಲು ಸಿದ್ಧವಾದ ಎಳನೀರಿನಂತೆ, ಛತ್ರಿಯಪ್ಪ.

ಅಷ್ಟರಲ್ಲಿ ಹೊಲಿಗೆಯಮ್ಮ ದಿಂಬಿನ ಚೀಲ ಕೊಡಲು ಬಂದಳು. ಆ ಬೀದಿಯಲ್ಲಿ ಬಟ್ಟೆ ಹೊಲಿಯುವುದೂ ಸುದ್ದಿ ಹಂಚುವುದೂ ಅವಳದೇ ಕೆಲಸ. ಗೋಡೆ ನೋಡಿದಳು, ವಂಶದ ಗುರುತೆಂದು ಮೇಷ್ಟ್ರಿಗೆ ಕಿವಿ ಆಡಿಸಿ ತೋರಿಸುತ್ತಿದ್ದ ದೊಡ್ಡತ್ತೆಯನ್ನು ನೋಡಿದಳು, ಛತ್ರಿಯಪ್ಪನ ಹತ್ತಿರ ಬಂದು ದನಿ ತಗ್ಗಿಸಿದಳು.

"ಹಿಂದಿನೋರ ಹೆಸರೆಲ್ಲ ಹುಡುಕ್ತಿದ್ದೀರಲ್ಲ, ಆಸ್ತಿ ಏನಾದ್ರೂ ಬಂತಾ?"

"ಅಯ್ಯೋ, ಆಸ್ತಿಗೀಸ್ತಿ ಏನೂ ಇಲ್ಲಮ್ಮ" ಎಂದ ಛತ್ರಿಯಪ್ಪ. ಕಣ್ಣು ಹೊಡೆಯಿತು.

ಹೊಲಿಗೆಯಮ್ಮನ ಮುಖ ಬೆಳಗಿತು. "ಅರ್ಥ ಆಯ್ತು ಬಿಡಿ. ನಾನ್ಯಾಕೆ ಯಾರಿಗಾದ್ರೂ ಹೇಳ್ಲಿ?"

"ಅಲ್ಲಮ್ಮ, ನಿಜವಾಗ್ಲೂ ಇಲ್ಲ!" ಮತ್ತೆ ಹೊಡೆಯಿತು.

"ಅಷ್ಟೊಂದು ಇದೆಯಾ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಅವಳು ಹೊರಗೋಡಿದಳು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಸಾಲು ನಿಂತಿತು. ಛತ್ರಿಯಪ್ಪನ ವಂಶಕ್ಕೆ ಎಲ್ಲಿಂದಲೋ ಅಪಾರ ಆಸ್ತಿ ಬಂದಿದೆ, ವಾರಸುದಾರರು ಕಿವಿ ಆಡಿಸಿ ತೋರಿಸಿದರೆ ಪಾಲು ಸಿಗುತ್ತದೆ ಎಂದು ಬೀದಿ ತುಂಬ ಸುದ್ದಿ. ಬೇಕರಿಯವನು ರಸ್ತೆಯಲ್ಲೇ ನಿಂತು ಅಭ್ಯಾಸ ಮಾಡುತ್ತಿದ್ದ. ಇಸ್ತ್ರಿ ಅಂಗಡಿಯವರು ಗಂಡ ಹೆಂಡತಿ ಒಬ್ಬರ ಕಿವಿ ಒಬ್ಬರು ಹಿಡಿದೆಳೆದು ಸಡಿಲ ಮಾಡಿಕೊಳ್ಳುತ್ತಿದ್ದರು. ಛತ್ರಿಯಪ್ಪ ಹೊರಗೆ ಬಂದು, "ನೋಡಿ, ಇದೆಲ್ಲ ಸುಳ್ಳು, ದಯವಿಟ್ಟು ಹೋಗಿ" ಎಂದು ಕೈಮುಗಿದ. ಕಣ್ಣು ಹೊಡೆಯಿತು. ಜನ ಹೋ ಎಂದು ನಕ್ಕು ಇನ್ನೂ ಮುಂದೆ ಒತ್ತಿ ಬಂದರು.

ಆದರೆ ದೊಡ್ಡತ್ತೆಯನ್ನು ಯಾಮಾರಿಸುವುದು ಸುಲಭವಿರಲಿಲ್ಲ. ಬೇಕರಿಯವನಿಗೆ, "ಅದು ದವಡೆ. ನಾನು ಕೇಳಿದ್ದು ಕಿವಿ. ಮುಂದಿನವರು ಬನ್ನಿ" ಎಂದಳು. ಇಸ್ತ್ರಿಯವರ ಕಿವಿ ಎಳೆದು ಕೆಂಪಾದದ್ದೇ ಬಂತು. ಆಮೇಲೆ ಬಂದವನು ಸೈಕಲ್ ಶಾಪಿನವನು. ಕೈಯಲ್ಲಿದ್ದ ಟ್ಯೂಬು ಕೆಳಗಿಡದೆಯೇ, ಕಿವಿಗಳನ್ನು ಒಂದಾದ ಮೇಲೊಂದು, ಮೆರವಣಿಗೆಯ ಕುದುರೆಯ ಹಾಗೆ ಆಡಿಸಿದ.

ದೊಡ್ಡತ್ತೆ ಮುಂದಕ್ಕೆ ಬಾಗಿದಳು. "ನಿಮ್ಮಜ್ಜಿ ಕೆಮ್ಮಿದ್ರೆ ಹಾಡಿದ ಹಾಗೆ ಇರ್ತಿತ್ತಾ?"

"ಹೌದು! ನಿಮಗೆ ಹೇಗೆ ಗೊತ್ತಮ್ಮಾ?"

"ಅಯ್ಯೋ, ನೀನು ನಮ್ಮಕ್ಕನ ಮೊಮ್ಮಗ ಕಣೋ!"

ಸೈಕಲ್ ಶಾಪಿನವನು ಗ್ರೀಸಿನ ಕೈಯಲ್ಲೇ ದೊಡ್ಡತ್ತೆಯನ್ನು ಅಪ್ಪಿಕೊಂಡ. ಆಮೇಲೆ ಛತ್ರಿಯಪ್ಪನನ್ನು, ಆಮೇಲೆ ಹೊಸ ಸುಣ್ಣದ ಗೋಡೆಯನ್ನು. ಮೇಷ್ಟ್ರು ಗೊನೆಗೆ ಒಂದು ಕಾಯಿ ಸೇರಿಸಿದರು.

ಅದೇ ಹೊತ್ತಿಗೆ ಡಿಪೋ ಮ್ಯಾನೇಜರು ಜನರನ್ನು ತಳ್ಳಿಕೊಂಡು ಒಳನುಗ್ಗಿದರು. ಛತ್ರಿಯಪ್ಪ ರಜೆ ಹಾಕಿದವನು ಕೋಣೆಯ ಬೀಗದ ಕೈಯನ್ನೂ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಅಲ್ಲಿ ಡಿಪೋದಲ್ಲಿ ಒಬ್ಬ ಮುದುಕ ತನ್ನ ಹಲ್ಲಿನ ಸೆಟ್ಟಿಗಾಗಿ ಬೆಳಗ್ಗೆಯಿಂದ ಊಟವಿಲ್ಲದೆ ಕಾಯುತ್ತಿದ್ದನಂತೆ.

"ಏನಯ್ಯಾ, ಇಲ್ಲಿ ಜಾತ್ರೆ ನಡೆಸ್ತಿದ್ದೀಯಾ? ಎಲ್ಲಿ ಕೀ? ನಾಳೆಯಿಂದ ನಿನಗೆ ಕೆಲಸ ಇದೆ ಅಂದ್ಕೊಂಡಿದ್ದೀಯಾ?" ಎಂದು ಮ್ಯಾನೇಜರು ಕೂಗಾಡಿದರು. ಛತ್ರಿಯಪ್ಪ ಗಡಬಡಿಸಿ ಜೇಬು ತಡಕಾಡಿದ. ಆದರೆ ಉಳಿದವರೆಲ್ಲ ಬೇರೆಯೇ ಏನನ್ನೋ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸಿಟ್ಟು ಏರಿದಂತೆಲ್ಲ ಮ್ಯಾನೇಜರ ಕಿವಿಗಳು ತಮ್ಮಷ್ಟಕ್ಕೆ ತಾವು ರಪರಪ ಬಡಿಯುತ್ತಿದ್ದವು.

"ಶಾಯಿ ಮಾರ್ತಿದ್ದವನು ನಿನಗೆ ಏನಾಗ್ಬೇಕಪ್ಪ?" ಎಂದಳು ದೊಡ್ಡತ್ತೆ ಮೆಲ್ಲಗೆ.

ಮ್ಯಾನೇಜರ ದನಿ ಅಲ್ಲೇ ನಿಂತಿತು. "ಮುತ್ತಾತ. ಯಾಕೆ?"

"ನಮ್ಮ ದೊಡ್ಡಣ್ಣ ಕಣೋ ಅವನು!"

ಮೇಷ್ಟ್ರು ಕುಂಚದ ಹಿಂಬದಿಯಿಂದ ಗೋಡೆಯ ಮೇಲೆ ಲೆಕ್ಕ ಹಾಕಿ ತಿರುಗಿದರು. "ಸರ್, ಹಾಗಾದ್ರೆ ಛತ್ರಿಯಪ್ಪ ನಿಮಗೆ ಚಿಕ್ಕಪ್ಪ ಆಗ್ಬೇಕು."

ಆಸ್ತಿಯ ಸುದ್ದಿ ಬರುವ ದಾರಿಯಲ್ಲೇ ಮ್ಯಾನೇಜರ ಕಿವಿಗೂ ಬಿದ್ದಿತ್ತು. ಅವರು ಗಂಟಲು ಸರಿಮಾಡಿಕೊಂಡರು.

"ಕೀ ಕೊಡ್ತೀರಾ... ಚಿಕ್ಕಪ್ಪ?"

ಛತ್ರಿಯಪ್ಪನಿಗೆ ಜೀವನದಲ್ಲಿ ಅಷ್ಟು ಹಿತವಾದ ಮಾತು ಬೇರೆ ಯಾವುದೂ ಕೇಳಿಸಿರಲಿಲ್ಲ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. "ಕೊಡ್ತೀನಿ ಮಗು. ಮೊದ್ಲು ಕೂತ್ಕೊಂಡು ಚಹಾ ಕುಡಿ. ಎಷ್ಟು ಸೊರಗಿದ್ದೀಯ ನೋಡು, ಡಿಪೋ ಕೆಲಸ ಜಾಸ್ತಿನಾ?" ಎಂದು ಮ್ಯಾನೇಜರ ತಲೆ ನೇವರಿಸಿದ. ಮ್ಯಾನೇಜರು ಹಲ್ಲು ಕಚ್ಚಿಕೊಂಡು ನೇವರಿಸಿಕೊಂಡರು. ಕಿವಿ ಬಡಿಯುತ್ತಲೇ ಇತ್ತು.

ವಂಶ ಎಂದರೆ ಇಷ್ಟು ಸೊಗಸಾದದ್ದು ಎಂದು ಛತ್ರಿಯಪ್ಪನಿಗೆ ತಿಳಿದಿರಲೇ ಇಲ್ಲ. ಕಣ್ಣಿನ ಮಾತು ಮರೆತೇಹೋಯಿತು. ಮುರಿದ ಕಡ್ಡಿ ಯಾವುದೆಂದು ಹೇಳದೆ ಯಾರಿಗೂ ಛತ್ರಿ ಕೊಡದವನು ಈಗ ಬಂದಬಂದವರನ್ನೆಲ್ಲ ತಬ್ಬಿಕೊಂಡು ಅಣ್ಣ ತಮ್ಮ ಎನ್ನತೊಡಗಿದ.

ಈ ಸಂಭ್ರಮದ ನಡುವೆ ಅವನ ಹೆಂಡತಿಯ ತಾಯಿ, ಎಂದರೆ ಅತ್ತೆಮ್ಮ, ಆಟೋದಿಂದ ಇಳಿದಳು. ಮಗಳ ಮದುವೆಯ ದಿನ ಮುಂದಿನ ಸಾಲಿನ ಕುರ್ಚಿಗಾಗಿ ದೊಡ್ಡತ್ತೆಗೂ ಅವಳಿಗೂ ಜಗಳವಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಅವಳು ಬಂದರೆ ಇವಳು ಕಿಟಕಿಯ ಆಚೆ ನೋಡುತ್ತಿದ್ದಳು. ಇವತ್ತು ಆಸ್ತಿಯ ಸುದ್ದಿ ಆ ಹಟವನ್ನೂ ಕರಗಿಸಿತ್ತು.

"ಅಳಿಯಂದ್ರೇ, ಇಷ್ಟು ದೊಡ್ಡ ವಿಷಯ ಹೊರಗಿನೋರಿಂದ ಕೇಳ್ಬೇಕಾಯ್ತಲ್ಲ" ಎಂದಳು. ಆಮೇಲೆ ಹಾಲಿನ ತುಂಬ ಕಿವಿಗಳು ಆಡುತ್ತಿರುವುದನ್ನು ಕಂಡು, "ಇದೇನು ಮಹಾ! ನಮ್ಮ ಮನೇಲಿ ಇದು ಎಲ್ರಿಗೂ ಬರುತ್ತೆ" ಎಂದು ತಾನೂ ಆಡಿಸಿಬಿಟ್ಟಳು.

ದೊಡ್ಡತ್ತೆ ಕುರ್ಚಿಯಿಂದ ಎದ್ದು ನಿಂತಳು. ಅವಳು ನಿಂತದ್ದನ್ನು ಕಂಡು ಛತ್ರಿಯಪ್ಪ ಜಗಳ ಬಿಡಿಸಲು ಮುಂದಾದ.

"ನಿಮ್ಮಮ್ಮನಿಗೆ ಕಪ್ಪೆ ಕಂಡ್ರೆ ಭಯವಾ?"

"ಹೌದು" ಎಂದಳು ಅತ್ತೆಮ್ಮ. "ಅಪ್ಪ ಕೊಳದ ಕಾವಲಿನಲ್ಲಿದ್ದ. ಅಮ್ಮ ಜೀವಮಾನವೆಲ್ಲ ಮಂಚದಿಂದ ಕೆಳಗೆ ಕಾಲಿಡಲಿಲ್ಲ."

"ನನ್ನ ತಂಗಿ ಮಗಳಾ ನೀನು!" ದೊಡ್ಡತ್ತೆಯ ಕಣ್ಣಲ್ಲಿ ನೀರು ಬಂತು. ಇಬ್ಬರೂ ಅಪ್ಪಿಕೊಂಡು ಅತ್ತರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಳುತ್ತಾ ನಗುತ್ತಾ ಕೂದಲು ಹಿಂದಕ್ಕೆ ಸರಿಸಿದಳು. ಅವಳ ಕಿವಿಯೂ ಆಡುತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿದರೂ ಛತ್ರಿಯಪ್ಪ ಅದನ್ನು ನೋಡಿರಲಿಲ್ಲ.

"ನೀನೂನಾ? ಹೇಳಲೇ ಇಲ್ಲವಲ್ಲೇ!"

"ಮದುವೆಗೆ ಮುಂಚೆ ಅಮ್ಮ ಬೇಡ ಅಂದಿದ್ಲು ರೀ. ಆಮೇಲೆ ನೀವು ಕೇಳಲೇ ಇಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರೊಬ್ಬರು ನಗಲಿಲ್ಲ. ಅವರು ಗೋಡೆಯ ಮುಂದೆ ನಿಂತು ಬೆರಳು ಮಡಿಸುತ್ತಿದ್ದರು. ಒಮ್ಮೆ ಛತ್ರಿಯಪ್ಪನ ಕಾಯಿ ನೋಡಿದರು, ಒಮ್ಮೆ ಅವನ ಹೆಂಡತಿಯನ್ನು ನೋಡಿದರು. ಕುಂಚದಿಂದ ಹಸಿರು ಬಣ್ಣ ತೊಟ್ಟಿಕ್ಕಿತು.

"ಸ್ವಲ್ಪ ಎಡವಟ್ಟಾಯ್ತಲ್ಲ" ಎಂದರು. "ದೊಡ್ಡತ್ತೆ ಅಂದ್ರೆ ನಿಮ್ಮಪ್ಪನಿಗೆ ಸೋದರತ್ತೆ. ಅವರ ತಂಗಿನೂ ಸೋದರತ್ತೇನೇ. ಆ ಸೋದರತ್ತೆ ಮಗಳು ಈ ನಿಮ್ಮ ಅತ್ತೆಮ್ಮ. ಅಪ್ಪನ ಸೋದರತ್ತೆ ಮಗಳು ಅಂದ್ರೆ ವರಸೆಯಲ್ಲಿ ನಿಮಗೆ ಚಿಕ್ಕಮ್ಮ. ಚಿಕ್ಕಮ್ಮನ ಮಗಳು ಅಂದ್ರೆ..."

"ತಂಗಿ!" ಎಂದು ಕಿಟಕಿಯ ಹೊರಗಿನಿಂದ ಹೊಲಿಗೆಯಮ್ಮ ಕೂಗಿದಳು.

ಹೆಂಡತಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿ ಚಿಲಕ ಹಾಕಿಕೊಂಡಳು. ಅತ್ತೆಮ್ಮ, "ನನ್ನ ಮಗಳ ಬಾಳು ಹಾಳಾಯ್ತು" ಎಂದು ನೆಲದ ಮೇಲೆ ಕುಸಿದಳು. ಮ್ಯಾನೇಜರು ಚಹಾದ ಲೋಟ ದೂರ ಸರಿಸಿ, ಇಂಥ ಮನೆಯಲ್ಲಿ ತಾನು ಏನನ್ನೂ ಮುಟ್ಟಿಲ್ಲವೆಂಬಂತೆ ಕುಳಿತರು. ಸೈಕಲ್ ಶಾಪಿನವನು ತೋಳು ಮಡಚಿ ಎದ್ದ. "ಏನ್ ಮನುಷ್ಯ ರೀ ನೀವು? ಮದುವೆಗೆ ಮುಂಚೆ ವಿಚಾರಿಸೋದಲ್ವಾ?"

ಛತ್ರಿಯಪ್ಪ ಅಡುಗೆಮನೆಯ ಬಾಗಿಲು ತಟ್ಟಿದ. "ಬಾಗಿಲು ತೆಗಿಯೇ. ನನಗೆ ವಂಶವೂ ಬೇಡ, ಚಿಕ್ಕಪ್ಪ ಆಗೋದೂ ಬೇಡ. ನೀನಿದ್ರೆ ಸಾಕು." ಒಳಗಿನಿಂದ ಬಿಕ್ಕುವ ಸದ್ದು ಬಂತು. "ನನ್ನನ್ನ ಹಾಗೆಲ್ಲ ಕರೀಬೇಡಿ... ಅಣ್ಣ!" ಎಂದಳು ಹೆಂಡತಿ. ಅವನು ಬಾಗಿಲಿಗೆ ಹಣೆಯಿಟ್ಟು, ಎಲ್ಲರ ಮುಂದೆ, ಮಕ್ಕಳ ಹಾಗೆ ಅತ್ತುಬಿಟ್ಟ.

ಅದನ್ನು ನೋಡಲಾಗಲಿಲ್ಲ ದೊಡ್ಡತ್ತೆಗೆ.

"ಸಾಕು ನಿಲ್ಸಿ!" ಎಂದಳು. "ಅವಳು ಅವನಿಗೆ ತಂಗಿಯಲ್ಲ. ಅವನು ನಮ್ಮ ವಂಶದವನೇ ಅಲ್ಲ. ನಾನು ಅವನಿಗೆ ಏನೂ ಆಗ್ಬೇಕಾಗಿಲ್ಲ."

ಅಡುಗೆಮನೆಯ ಚಿಲಕ ಸರಿಯಿತು.

"ಇವನ ಅಪ್ಪ ಅಮ್ಮನ ಮದುವೆ ಆದ ದಿನ ಪಕ್ಕದ ಛತ್ರದಲ್ಲಿ ನಮ್ಮೋರ ಮದುವೆ. ಊಟ ಮುಗಿಸಿ ಬಂದು ಬಸ್ ಹತ್ತಿದೆ, ನಿದ್ದೆ ಬಂತು. ಎದ್ದು ನೋಡಿದ್ರೆ ಬಸ್ಸಲ್ಲಿ ಒಂದು ಮುಖವೂ ಗೊತ್ತಿಲ್ಲ. ಗಂಡಿನ ಕಡೆಯವರು ನನ್ನನ್ನ ಹೆಣ್ಣಿನ ಕಡೆಯವಳು ಅಂದ್ಕೊಂಡ್ರು. ಹೆಣ್ಣು ಗಂಡಿನ ಕಡೆಯವಳು ಅಂದ್ಕೊಂಡ್ಲು. ಈ ಮನೆ ಬಾಗಿಲಲ್ಲಿ ಇಳಿಸಿ, ಹಾಸಿಗೆ ಹಾಸ್ಕೊಟ್ರು. ಬೆಳಗ್ಗೆ ಹೊರಡೋಣ ಅಂತ ಎದ್ರೆ, ಇವನ ಅಮ್ಮ, ಪಾಪ ಹೊಸ ಹುಡುಗಿ, ಒಲೆ ಮುಂದೆ ನಿಂತು 'ಉಪ್ಪು ಎಷ್ಟು ಹಾಕ್ಲಿ ಅತ್ತೆ?' ಅಂದ್ಲು. ನನ್ನನ್ನ ಅದುವರೆಗೂ ಯಾರೂ ಏನನ್ನೂ ಕೇಳಿರ್ಲಿಲ್ಲ. ಉಪ್ಪು ಹೇಳ್ಕೊಟ್ಟೆ. ಆಮೇಲೆ ಇವನು ಹುಟ್ಟಿದ. ಹೇಗೆ ಬಿಟ್ಟು ಹೋಗ್ಲಿ?"

"ಮತ್ತೆ ನಿಮ್ಮನ್ನ ಯಾರೂ ಹುಡುಕಲೇ ಇಲ್ವಾ?" ಎಂದರು ಮೇಷ್ಟ್ರು.

"ಅಣ್ಣ ನಾನು ಅಕ್ಕನ ಮನೇಲಿದ್ದೀನಿ ಅಂದ್ಕೊಂಡಿರ್ತಾನೆ, ಅಕ್ಕ ಅಣ್ಣನ ಮನೇಲಿದ್ದೀನಿ ಅಂದ್ಕೊಂಡಿರ್ತಾಳೆ."

"ಅಮ್ಮ ಸಾಯೋವರೆಗೂ ಹೇಳ್ತಿದ್ಲು, ಮದುವೆಗೆ ಹೋದ ಅಕ್ಕ ತಿರುಗಿ ಬರಲೇ ಇಲ್ಲ ಅಂತ" ಎಂದು ಅತ್ತೆಮ್ಮ ಮತ್ತೆ ಅತ್ತಳು. ಹೆಂಡತಿ ಹೊರಗೆ ಬಂದು, ನಾಚಿಕೆಯನ್ನೆಲ್ಲ ಬಿಟ್ಟು ಛತ್ರಿಯಪ್ಪನ ತೋಳು ಹಿಡಿದುಕೊಂಡಳು. ಅವನು ನಿಟ್ಟುಸಿರು ಬಿಟ್ಟ. ದೇವರೇ, ಸಂಸಾರ ಉಳಿಯಿತು ಎಂದುಕೊಂಡ.

ಆ ನೆಮ್ಮದಿ ಬಹಳ ಹೊತ್ತು ಬಾಳಲಿಲ್ಲ. ಮೇಷ್ಟ್ರು ಒದ್ದೆ ಬಟ್ಟೆ ತಂದು ಗೋಡೆಯ ಮೇಲಿನ ಛತ್ರಿಯಪ್ಪನನ್ನು ಒರೆಸಿಹಾಕಿದರು. ಅವನಿದ್ದ ಜಾಗದಲ್ಲಿ ಒಂದು ಹಸಿರು ಮಬ್ಬು ಮಾತ್ರ ಉಳಿಯಿತು.

"ಹಾಗಾದ್ರೆ ಇಲ್ಲಿರೋರೆಲ್ಲ ಅಜ್ಜಿ ಕಡ್ಯೋರು" ಎಂದ ಸೈಕಲ್ ಶಾಪಿನವನು, ಹಾಲಿನ ಸುತ್ತ ಕಣ್ಣು ಹಾಯಿಸುತ್ತಾ. "ಇವರ ಕಡ್ಯೋರು ಯಾರು?"

ಯಾರೂ ಇರಲಿಲ್ಲ.

"ಇವನನ್ನ ಯಾರೂ ಏನೂ ಅನ್ಬೇಡಿ" ಎಂದು ದೊಡ್ಡತ್ತೆ ಗದರಿದಳು. "ನಾನು ಸಾಕಿದ ಮಗು. ನನ್ನ ತಂಗಿ ಮೊಮ್ಮಗಳ ಗಂಡ. ಮನೆ ಅಳಿಯನಾಗಿ ಇಲ್ಲೇ ಇರ್ಲಿ."

"ಹಾಗಂದ್ರೆ ಸರ್ ಇವರನ್ನ ಈಗ ಮಾವ ಅನ್ಬೇಕಾಗುತ್ತೆ" ಎಂದರು ಮೇಷ್ಟ್ರು.

"ಅದನ್ನ ರಜೆ ದಿನ ನೋಡ್ಕೊಳ್ಳೋಣ" ಎಂದು ಮ್ಯಾನೇಜರು ಕೈ ಚಾಚಿದರು. "ಎಲ್ಲಯ್ಯಾ ಕೀ?"

ಛತ್ರಿಯಪ್ಪ ಕೀ ಕೊಟ್ಟ. ತನ್ನಪ್ಪ ಕಟ್ಟಿಸಿದ ಮನೆಯಲ್ಲಿ ತಾನು ಮನೆ ಅಳಿಯನಾದದ್ದು ಹೇಗೆ ಎಂದು ಅವನು ಯೋಚಿಸುತ್ತಿರುವಾಗಲೇ ಅತ್ತೆಮ್ಮ ಸೆರಗು ಸಿಕ್ಕಿಸಿಕೊಂಡು ಮನೆಯ ಯಜಮಾನಿಕೆ ವಹಿಸಿಕೊಂಡಿದ್ದಳು. "ಅಳಿಯಂದ್ರೇ, ನಮ್ಮೋರೆಲ್ಲ ನಿಂತೇ ಇದ್ದಾರೆ. ಇನ್ನೂ ಬರೋರಿದ್ದಾರೆ. ಎಲ್ಲಿಂದಾದ್ರೂ ನಾಲ್ಕು ಕುರ್ಚಿ ತನ್ನಿ."

ಅವನು ಹೋಗಿ ಮೇಷ್ಟ್ರ ಮನೆಯ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ, ತಲೆಯ ಮೇಲೆ ಹೊತ್ತು ಬಂದ. ಆ ಹೊತ್ತಿಗೆ ಸಂಜೆಯಾಗಿತ್ತು. ಒಳಗೆ ನಗುವಿನ ಗದ್ದಲ. ಬಾಗಿಲು ಹಾಕಿತ್ತು. ಮೊಣಕೈಯಿಂದ ತಟ್ಟಿದ. ಬಾಗಿಲು ತೆರೆದವನು ಅವನು ಈವರೆಗೆ ಕಂಡೇ ಇರದ ಒಬ್ಬ ದಢೂತಿ ಮನುಷ್ಯ. ಬಾಯಲ್ಲಿ ಬಿಸ್ಕತ್ತು, ಹೆಗಲ ಮೇಲೆ ಛತ್ರಿಯಪ್ಪನ ಟವೆಲ್ಲು.

"ಯಾರು ಬೇಕಿತ್ತು?" ಎಂದ ಆ ಮನುಷ್ಯ.

ಛತ್ರಿಯಪ್ಪ ಕುರ್ಚಿಗಳ ಕೆಳಗಿನಿಂದ ಇಣುಕಿ ನೋಡಿದ. "ನಾನು... ಇಲ್ಲಿಯವನೇ" ಎಂದ.

ಆ ಮನುಷ್ಯ ಅವನ ಕಿವಿಗಳನ್ನು ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ಗಮನವಿಟ್ಟು ನೋಡಿದ. ಸ್ವಲ್ಪ ಹೊತ್ತು ಕಾದ. ಎರಡೂ ಆಡಲಿಲ್ಲ. ಕುರ್ಚಿಗಳನ್ನು ಇಳಿಸಿಕೊಂಡು, ಒಳಕ್ಕೆ ತಿರುಗಿ ಕೂಗಿದ:

"ಅಜ್ಜೀ, ಬಾಡಿಗೆ ಕುರ್ಚಿಯವನು ಬಂದಿದ್ದಾನೆ. ಒಳಗೆ ಬರ್ಲಾ ಅಂತಿದ್ದಾನೆ, ಏನ್ ಹೇಳ್ಲಿ?"